ಒಂದೇ ಹೆಸರು, ಎರಡು ಕಡತ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ಹೆಸರಿನ ನಾಲ್ಕು ಕಡತಗಳನ್ನು, ಹಲವು ಗಣಕಯಂತ್ರಗಳು ಹಂಚಿಕೊಂಡಿರುವ ಸಂಗ್ರಹಕ್ಕೆ ಜಾಲದ ಮೂಲಕ ಕಳುಹಿಸಿದೆವೆಂದು ಭಾವಿಸೋಣ. ಬೇರೊಂದು ಯಂತ್ರದಿಂದ ಹೆಸರು ಹಿಡಿದು ಕರೆದಾಗ ಶಿರಹಟ್ಟಿ, ಮುಂಡರಗಿಗಳು ತಪ್ಪದೆ ಓಗೊಡುತ್ತವೆ; ಉಳಿದೆರಡಕ್ಕೆ ಮಾತ್ರ ಕೆಲವೊಮ್ಮೆ 'ಅಂಥ ಕಡತವಿಲ್ಲ' ಎಂಬ ಉತ್ತರ ಬರುತ್ತದೆ. ಪಟ್ಟಿಯಲ್ಲಿ ನಾಲ್ಕೂ ಕಣ್ಣಿಗೆ ಕಾಣುತ್ತಿರುತ್ತವೆ. ಈ ಪಕ್ಷಪಾತಕ್ಕೆ ಕಾರಣವೇನು?

ಯಂತ್ರಕ್ಕೆ ಅಕ್ಷರದ ಆಕಾರ ತಿಳಿಯದು. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆಯುಂಟು. ಬೆಟಗೇರಿಯ 'ಗೇ'ಯಲ್ಲಿರುವ ಏತ್ವವನ್ನು ೩೨೭೧ ಎಂಬ ಒಂದೇ ಸಂಖ್ಯೆಯಿಂದ ಬರೆಯಬಹುದು. ಮಕ್ಕಳು ಕಾಗುಣಿತ ಒಪ್ಪಿಸುವಂತೆ ಎತ್ವಕ್ಕೆ ೩೨೭೦, ದೀರ್ಘಕ್ಕೆ ೩೨೮೫ ಎಂದು ಬಿಡಿಸಿಯೂ ಬರೆಯಬಹುದು. ಎರಡೂ ಶುದ್ಧವೇ, ತೆರೆಯ ಮೇಲೆ ಎರಡರ ರೂಪವೂ ಒಂದೇ. ಲಕ್ಷ್ಮೇಶ್ವರದ 'ಮೇ' ಕೂಡ ಹೀಗೆಯೇ. ಶಿರಹಟ್ಟಿ, ಮುಂಡರಗಿಗಳಲ್ಲಿ ಹೀಗೆ ಒಡೆಯಬಲ್ಲ ಸ್ವರಚಿಹ್ನೆಯಿಲ್ಲ. ಆದುದರಿಂದ ಅವು ನಿರಪಾಯ.

ಆಪಲ್ ಸಂಸ್ಥೆಯು ೧೯೯೮ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಸಾಮಾನ್ಯ ಕೀಲಿಮಣೆಗಳಾದರೋ ಕೂಡಿದ ರೂಪವನ್ನು ಕೊಡುತ್ತವೆ. ಲಿನಕ್ಸ್ ಸಂಗ್ರಹವು ಸಾಧಾರಣವಾಗಿ ಬಂದ ಬೈಟುಗಳನ್ನು ಬಂದಂತೆಯೇ ಬರೆದಿಟ್ಟು, ಹುಡುಕುವಾಗ ಬೈಟಿಗೆ ಬೈಟು ಹೋಲಿಸುತ್ತದೆ. ಹೀಗಾಗಿ ಒಂದೇ ಕಪಾಟಿನಲ್ಲಿ ಎರಡು 'ಬೆಟಗೇರಿ'ಗಳು ಅಕ್ಕಪಕ್ಕದಲ್ಲಿ ನೆಲೆಸಬಲ್ಲವು.

ಪರೀಕ್ಷೆ ಸುಲಭ. ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ೩ ಬೈಟು. ಕೂಡಿದ 'ಬೆಟಗೇರಿ'ಗೆ ೨೧ ಬೈಟು, ಬಿಡಿಸಿದುದಕ್ಕೆ ೨೪. 'ಲಕ್ಷ್ಮೇಶ್ವರ'ಕ್ಕೆ ಕ್ರಮವಾಗಿ ೩೩ ಮತ್ತು ೩೬. ಹೆಸರಿನ ಬೈಟುಗಳನ್ನು ಅಚ್ಚಿಸಿ ಎಣಿಸಿದರೆ ಗುಟ್ಟು ರಟ್ಟಾಗುತ್ತದೆ.

ಪರಿಹಾರವೆಂದರೆ ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತರುವುದು. 'ಕಾನ್ವ್‌ಎಂವಿ' ಎಂಬ ಉಪಕರಣವು ಇದನ್ನು ಮಾಡುತ್ತದೆ. ವಿಶೇಷ ಆಜ್ಞೆ ಕೊಡುವವರೆಗೆ ಅದು ಏನೇನು ಬದಲಾಗುವುದೆಂದು ತೋರಿಸುತ್ತದೆಯೇ ಹೊರತು ಬದಲಾಯಿಸುವುದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಒಂದೇ ಹೆಸರಿನ ಎರಡು ಕಡತಗಳು ಕಂಡಾಗ ಒಂದು ವ್ಯರ್ಥವೆಂದು ಅಳಿಸಲಾಗದು. ಒಂದರಲ್ಲಿ ಹಳೆಯ ಬರವಣಿಗೆ, ಮತ್ತೊಂದರಲ್ಲಿ ನಿನ್ನೆಯ ತಿದ್ದುಪಡಿ ಇರಬಹುದು. ಮೊದಲು ಒಳಗಿರುವುದನ್ನು ಹೋಲಿಸಬೇಕು, ಪ್ರತಿ ತೆಗೆದಿಡಬೇಕು; ಹೆಸರು ತಿದ್ದುವುದು ಆ ಬಳಿಕದ ಕೆಲಸ.