ಕೊನೆಯ ಕನ್ವರ್ಟಿಬಲ್‌ಗೆ ಕೊಟ್ಟ ಬೆಲೆ

"ಇನ್ನು ಕೆಲವೇ ಸೈಟು ಉಳಿದಿವೆ ಸಾರ್, ಈಗ ಬಿಟ್ಟರೆ ಮತ್ತೆ ಸಿಗಲ್ಲ." ಬೆಂಗಳೂರಿನಿಂದ ಇಂಥ ವಾಟ್ಸಾಪ್ ಮೆಸೇಜು ನಿಮಗೂ ಬಂದಿರುತ್ತದೆ. ಹೊರದೇಶದಲ್ಲಿ ದುಡಿಯುವವರಿಗಂತೂ ಸ್ವಲ್ಪ ಜಾಸ್ತಿಯೇ ಬರುತ್ತದೆ. 'ಕೊನೆಯದು' ಎಂಬ ಮಾತಿಗೆ ನಿಜಕ್ಕೂ ಎಷ್ಟು ಬೆಲೆ ಕಟ್ಟಬಹುದು? ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಸೈಟಿನದ್ದಲ್ಲ, ಒಂದು ಕಾರಿನದ್ದು: 1976ರ ಕ್ಯಾಡಿಲಾಕ್ ಎಲ್ಡೊರಾಡೊ ಕನ್ವರ್ಟಿಬಲ್.

ಹದಿನೆಂಟು ಅಡಿಗೂ ಮೀರಿದ ಉದ್ದ, 8.2 ಲೀಟರ್ ಎಂಜಿನ್, ಗುಂಡಿ ಒತ್ತಿದರೆ ಹಿಂದೆ ಮಡಚಿಕೊಳ್ಳುವ ಟಾಪ್. ಅಮೆರಿಕದ ಹೆದ್ದಾರಿ ಎಂದರೆ ಕಣ್ಣ ಮುಂದೆ ಬರುವ ಚಿತ್ರವೇ ಇದು. ಆದರೆ ಆ ಹೊತ್ತಿಗೆ ಕನ್ವರ್ಟಿಬಲ್‌ಗಳ ಕಾಲ ಮುಗಿದಂತೆ ಕಾಣುತ್ತಿತ್ತು. 1965ರಲ್ಲಿ ಅಮೆರಿಕದ ಕಂಪನಿಗಳು ಸುಮಾರು 5 ಲಕ್ಷ ಕನ್ವರ್ಟಿಬಲ್ ತಯಾರಿಸಿದ್ದವು. ಆಮೇಲೆ ಕಾರುಗಳಿಗೆ ಏರ್ ಕಂಡೀಷನರ್ ಬಂತು, ಹೆದ್ದಾರಿಗಳಲ್ಲಿ ವೇಗ ಹೆಚ್ಚಿತು, ಗಾಳಿ ಮತ್ತು ಸದ್ದು ಜನರಿಗೆ ಬೇಡವಾಯಿತು. ಕಾರು ಮಗುಚಿದಾಗಿನ ಸುರಕ್ಷತೆಗೆ ಸರ್ಕಾರ ಕಟ್ಟುನಿಟ್ಟಿನ ನಿಯಮ ತಂದು ಇವನ್ನು ನಿಲ್ಲಿಸಿಬಿಡುತ್ತದೆ ಎಂಬ ಭಯ ಬೇರೆ. ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ಕೊನೆಗೆ ಉಳಿದದ್ದು ಎಲ್ಡೊರಾಡೊ ಒಂದೇ.

ಕ್ಯಾಡಿಲಾಕ್ ಇದನ್ನೇ ಮಾರಾಟದ ಮಂತ್ರ ಮಾಡಿಕೊಂಡಿತು. 1976ರದ್ದೇ ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದು ಪ್ರಚಾರ ಮಾಡಿ ಸುಮಾರು 14,000 ಕಾರು ತಯಾರಿಸಿತು. ಕೊನೆಯ 200 ಕಾರುಗಳಿಗೆ ಒಂದೇ ಬಗೆಯ ಬಿಳಿ ಬಣ್ಣ. ಏಪ್ರಿಲ್ 21ರಂದು ಡೆಟ್ರಾಯಿಟ್‌ನಲ್ಲಿ ಕಟ್ಟಕಡೆಯದು ಹೊರಬಂತು. ಪಟ್ಟಿಯ ಬೆಲೆ ಸುಮಾರು 11,000 ಡಾಲರ್ ಇದ್ದ ಕಾರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಕೊಟ್ಟು ಕೊಂಡವರಿದ್ದರು. ಓಡಿಸಲಿಕ್ಕಲ್ಲ, ಬಟ್ಟೆ ಹೊದಿಸಿ ಗ್ಯಾರೇಜಿನಲ್ಲಿಟ್ಟು ಮುಂದೆ ಮಾರಲಿಕ್ಕೆ.

ಆಮೇಲೆ ಏನಾಯಿತು? ಎಲ್ಲರೂ ಹೆದರಿದ್ದ ಆ ನಿಯಮ ಬರಲೇ ಇಲ್ಲ. 1982ರಲ್ಲಿ ಕ್ರೈಸ್ಲರ್ ತನ್ನ ಲೆಬ್ಯಾರನ್ ಕನ್ವರ್ಟಿಬಲ್ ತಂದಿತು. 1983ರಲ್ಲಿ ಮಸ್ಟ್ಯಾಂಗ್ ಕನ್ವರ್ಟಿಬಲ್ ಮರಳಿತು. 1984ರ ಮಾಡೆಲ್‌ಗೆ ಸ್ವತಃ ಕ್ಯಾಡಿಲಾಕ್ ಮತ್ತೆ ಎಲ್ಡೊರಾಡೊ ಕನ್ವರ್ಟಿಬಲ್ ಬಿಟ್ಟಿತು! ತಮಗೆ ಮೋಸವಾಯಿತೆಂದು 1976ರ ಕಾರಿನ ಮಾಲೀಕರು ಕೋರ್ಟ್ ಮೆಟ್ಟಿಲೇರಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮಾರುವವನೇ ಮತ್ತೆ ತಯಾರಿಸಬಲ್ಲ ವಸ್ತುವಿನ ಕೊರತೆ ನಿಜವಾದ ಕೊರತೆಯಲ್ಲ. ಅದು ಅವನ ಇವತ್ತಿನ ನಿರ್ಧಾರ ಅಷ್ಟೇ. ನಾಳೆ ಗಿರಾಕಿ ಬಂದರೆ ನಿರ್ಧಾರ ಬದಲಾಗುತ್ತದೆ. 'ಫೇಸ್ ಒನ್‌ನಲ್ಲಿ ಕೊನೆಯ ಮೂರು ಫ್ಲ್ಯಾಟ್' ಎಂದವನು ಆರು ತಿಂಗಳಲ್ಲಿ ಫೇಸ್ ಟು ಶುರುಮಾಡುವುದೂ ಹೀಗೆಯೇ.

ಈಗ ಲೆಕ್ಕ ನೋಡೋಣ. 1976ರ 11,000 ಡಾಲರ್, ಹಣದುಬ್ಬರ ಸೇರಿಸಿದರೆ ಇಂದಿನ ಸುಮಾರು 60,000 ಡಾಲರ್‌ಗೆ ಸಮ. ಒಳ್ಳೆಯ ಸ್ಥಿತಿಯಲ್ಲಿರುವ ಅದೇ ಎಲ್ಡೊರಾಡೊ ಇಂದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಗೇ ಸಿಗುತ್ತದೆ. ಅಂದರೆ ಐದು ದಶಕ ಕಾದರೂ ಹಣದುಬ್ಬರದಷ್ಟೂ ಏರಲಿಲ್ಲ. ಇನ್ಶೂರೆನ್ಸ್, ರಿಪೇರಿ, ಗ್ಯಾರೇಜಿನ ಜಾಗ ಬೇರೆ. ಬಿಳಿ ಆನೆ ಸಾಕುವುದು ಎನ್ನುತ್ತೇವಲ್ಲ, ಹಾಗೆ. ಅದೇ 1976ರಲ್ಲಿ 100ರ ಆಸುಪಾಸಿನಲ್ಲಿದ್ದ ಎಸ್ ಆ್ಯಂಡ್ ಪಿ 500 ಸೂಚ್ಯಂಕ 2024ರಲ್ಲಿ 5,000 ದಾಟಿತು. ಡಿವಿಡೆಂಡ್ ಬಿಟ್ಟೇ 50 ಪಟ್ಟು.

ಹಾಗಾದರೆ ಹಳೆಯ ಕನ್ವರ್ಟಿಬಲ್ ಕೊಳ್ಳುವುದು ದಡ್ಡತನವೇ? ಖಂಡಿತ ಅಲ್ಲ. ಮೊದಲ ತಲೆಮಾರಿನ ಮಸ್ಟ್ಯಾಂಗ್ ನೋಡಿ. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವರ್ಲ್ಡ್ಸ್ ಫೇರ್‌ನಲ್ಲಿ ಬಿಡುಗಡೆಯಾದಾಗ ಅದರ ಆರಂಭದ ಬೆಲೆ 2,368 ಡಾಲರ್. ಮೊದಲ ದಿನವೇ 22,000 ಆರ್ಡರ್, ಎರಡು ವರ್ಷದೊಳಗೆ 10 ಲಕ್ಷ ಕಾರು. 1965ರ ಮಾಡೆಲ್‌ನಲ್ಲಿ ಕನ್ವರ್ಟಿಬಲ್‌ಗಳೇ ಲಕ್ಷಕ್ಕೂ ಹೆಚ್ಚು. ಅಪರೂಪ ಎನ್ನುವ ಮಾತೇ ಇಲ್ಲ. ಆದರೂ ಇವತ್ತಿಗೂ ಅದನ್ನು ಹುಡುಕಿಕೊಂಡು ಬರುವವರಿದ್ದಾರೆ.

ಕಾರಣ ಸರಳ. ಬಹಳ ಜನ ಓಡಿಸಿದ್ದರು, ಆದ್ದರಿಂದ ಬಹಳ ಜನರ ನೆನಪಿನಲ್ಲಿ ಉಳಿಯಿತು. ನೆನಪಿದ್ದಲ್ಲಿ ಗಿರಾಕಿ, ಗಿರಾಕಿಯಿದ್ದಲ್ಲಿ ಬಿಡಿಭಾಗ. ಇಂದಿಗೂ ಅದರ ಹೆಚ್ಚುಕಡಿಮೆ ಎಲ್ಲ ಭಾಗಗಳೂ ಹೊಸದಾಗಿ ತಯಾರಾಗುತ್ತವೆ. ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಬಳಿ ನಡೆಯುವ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋದರೆ ಇದು ಅರ್ಥವಾಗುತ್ತದೆ. ಅಲ್ಲಿಗೆ ಬರುವವರ ಮಾತಿನಲ್ಲಿ ರಿಟರ್ನ್ಸ್‌ಗಿಂತ ಹೆಚ್ಚಾಗಿ ಅಪ್ಪನ ಕಾರು, ಮೊದಲ ಸಂಬಳ, ಮದುವೆಯ ಮೊದಲ ವರ್ಷ ಕೇಳಿಸುತ್ತದೆ.

ನಮ್ಮಲ್ಲೂ ಅನೇಕರಿಗೆ ಸಾಲ ತೀರಿ, ಮಕ್ಕಳು ಕಾಲೇಜು ಸೇರುವ ವಯಸ್ಸಿನಲ್ಲಿ ಈ ಆಸೆ ಹುಟ್ಟುತ್ತದೆ. ಕೊಳ್ಳುವುದಾದರೆ ನಾಲ್ಕು ಮಾತು:

1. ಇದನ್ನು ಇನ್ವೆಸ್ಟ್‌ಮೆಂಟ್ ಪಟ್ಟಿಯಲ್ಲಿ ಬರೆಯಬೇಡಿ. ಪ್ರವಾಸದ ಖರ್ಚಿನ ಹಾಗೆ ನೋಡಿ. ಮಾರಿದಾಗ ಬಂದದ್ದು ಬೋನಸ್. ನಿವೃತ್ತಿಯ ಹಣ ಮುಟ್ಟಬೇಡಿ, ಸಾಲವನ್ನಂತೂ ಮಾಡಲೇಬೇಡಿ.

2. ಬಣ್ಣಕ್ಕೆ ಮರುಳಾಗದೆ ಕೆಳಗೆ ಬಗ್ಗಿ ನೋಡಿ. ಗಟ್ಟಿ ಛಾವಣಿ ಇಲ್ಲದ ಕಾರಿನಲ್ಲಿ ಭಾರವನ್ನೆಲ್ಲ ತಳವೇ ಹೊರಬೇಕು. ಅಲ್ಲಿ ತುಕ್ಕು ಹಿಡಿದಿದ್ದರೆ ರಿಪೇರಿ ಖರ್ಚು ಕಾರಿನ ಬೆಲೆಯನ್ನೂ ಮೀರಬಹುದು. ಹಳೆಯ ಕಾರು ಬಲ್ಲ ಮೆಕ್ಯಾನಿಕ್‌ಗೆ ಕೊಡುವ ತಪಾಸಣೆ ಶುಲ್ಕ ಉಳಿಸಬೇಡಿ.

3. ಸಾಮಾನ್ಯ ಪಾಲಿಸಿಯಲ್ಲಿ ಹಳೆಯ ಕಾರಿಗೆ ಸವಕಳಿ ಕಳೆದ ಬೆಲೆಯಷ್ಟೇ ಸಿಗಬಹುದು. ಬೆಲೆಯನ್ನು ಮೊದಲೇ ಒಪ್ಪಿಕೊಂಡು ಬರೆದುಕೊಡುವ 'ಅಗ್ರೀಡ್ ವ್ಯಾಲ್ಯೂ' ಪಾಲಿಸಿ ಕೇಳಿ. ವರ್ಷಕ್ಕೆ ಎಷ್ಟು ಮೈಲಿ ಓಡಿಸಬಹುದೆಂಬ ಮಿತಿಯನ್ನೂ ಓದಿ.

4. ಅಮೆರಿಕದಲ್ಲಿ ಇಂಥ ಕಾರು ಸಂಗ್ರಹದ ವಸ್ತು ಎಂದು ಪರಿಗಣಿತವಾದರೆ ದೀರ್ಘಾವಧಿ ಲಾಭದ ಮೇಲೆ ಫೆಡರಲ್ ತೆರಿಗೆ ಗರಿಷ್ಠ ಶೇ. 28, ಷೇರಿಗೆ ಗರಿಷ್ಠ ಶೇ. 20. ಸ್ವಂತ ಬಳಕೆಯ ಕಾರನ್ನು ನಷ್ಟಕ್ಕೆ ಮಾರಿದರೆ ಆ ನಷ್ಟವನ್ನು ತೆರಿಗೆಯಲ್ಲಿ ಕಳೆಯುವಂತಿಲ್ಲ. ಬೇರೆ ದೇಶದಲ್ಲಿರುವವರು ಅಲ್ಲಿನ ನಿಯಮ ನೋಡಿಕೊಳ್ಳಿ.

ಬಟ್ಟೆ ಹೊದಿಸಿಟ್ಟವರು 1976ರಲ್ಲಿ ಕಾರೂ ಓಡಿಸಲಿಲ್ಲ, ದುಡ್ಡೂ ಮಾಡಲಿಲ್ಲ. ಅದೇ ಕಾರಿನ ಟಾಪ್ ಮಡಚಿ, ಮನೆಮಂದಿಯನ್ನು ಕೂರಿಸಿಕೊಂಡು ಹತ್ತಾರು ಬೇಸಿಗೆ ಸುತ್ತಾಡಿದವರಿಗೆ ಕೊಟ್ಟ ಹಣ ಅಲ್ಲೇ ವಸೂಲಾಗಿತ್ತು. ನಿಮಗೆ ಯಾವ ಕಾರಿನ ಮೇಲೆ ಕಣ್ಣಿದೆ? ಕೊಳ್ಳುವ ಮುನ್ನ ಒಮ್ಮೆ ಕೇಳಿಕೊಳ್ಳಿ: ಇದರ ಬೆಲೆ ಒಂದು ಡಾಲರ್ ಕೂಡ ಏರುವುದಿಲ್ಲ ಎಂದು ಗೊತ್ತಿದ್ದರೂ ಕೊಳ್ಳುತ್ತಿದ್ದೆನೇ? ಹೌದು ಎನ್ನಿಸಿದರೆ ಧೈರ್ಯವಾಗಿ ಮುಂದುವರಿಯಿರಿ.