ಮರಿಗೆ ಮೂರು ಸಲ ಸೂಜಿ ಏಕೆ?

ಮನೆಗೆ ತಂದ ಎರಡು ತಿಂಗಳ ನಾಯಿಮರಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ದರೆ ಕೈಗೊಂದು ಲಸಿಕೆ ಪುಸ್ತಕ ಬರುತ್ತದೆ. ಅವತ್ತಿನ ತಾರೀಖಿನ ಕೆಳಗೆ ಮುಂದಿನ ಇನ್ನೆರಡು ಮೂರು ತಾರೀಖುಗಳನ್ನೂ ಬರೆದಿರುತ್ತಾರೆ. ‘ಒಂದು ಸೂಜಿ ಆಯ್ತಲ್ಲ, ಮರಿ ಗಟ್ಟಿಮುಟ್ಟಾಗಿದೆ, ಸಾಕು’ ಎಂದು ಅಲ್ಲಿಗೇ ನಿಲ್ಲಿಸುವವರು ಬಹಳ ಮಂದಿ. ಆ ತಾರೀಖುಗಳು ವೈದ್ಯರ ಅನುಕೂಲಕ್ಕೆ ಹಾಕಿದವಲ್ಲ. ತಾಯಿಯ ಹಾಲು, ಕರುಳಿನ ಹುಳು, ಗೋಡೆಯ ಬಿರುಕಿನಲ್ಲಿ ಅಡಗಿದ ಉಣುಗು ಇವುಗಳ ಜೀವನಕ್ರಮವೇ ಅವುಗಳನ್ನು ಗೊತ್ತುಮಾಡುತ್ತದೆ.

ಹಾಲಿನಿಂದಲೇ ಶುರುಮಾಡೋಣ. ನಾಯಿಮರಿಗೆ ತಾಯಿಯಿಂದ ಸಿಗುವ ರೋಗನಿರೋಧಕ ಪ್ರತಿಕಾಯಗಳಲ್ಲಿ ಬಹುಪಾಲು ಬರುವುದು ಗರ್ಭದಲ್ಲಲ್ಲ, ಗಿಣ್ಣುಹಾಲಿನಲ್ಲಿ. ಹುಟ್ಟಿದ ಮೊದಲ 24 ಗಂಟೆಗಳಲ್ಲಿ ಮಾತ್ರ ಮರಿಯ ಕರುಳು ಅವನ್ನು ಇಡಿಯಾಗಿ ಹೀರಿಕೊಳ್ಳಬಲ್ಲದು. ಆಮೇಲೆ ಅವು ಸುಮಾರು 10 ದಿನಕ್ಕೊಮ್ಮೆ ಅರ್ಧಕ್ಕರ್ಧ ಕಡಿಮೆಯಾಗುತ್ತ ಹೋಗುತ್ತವೆ. ತೊಡಕು ಇಲ್ಲೇ ಇದೆ. ಲಸಿಕೆಯಲ್ಲಿರುವುದು ಬಲಗುಂದಿಸಿದ ವೈರಸ್. ತಾಯಿ ಕೊಟ್ಟ ಪ್ರತಿಕಾಯಗಳಿಗೆ ಅದು ನಿಜವಾದ ಶತ್ರುವೋ ಲಸಿಕೆಯೋ ತಿಳಿಯದು. ಕಂಡಕೂಡಲೇ ಅದನ್ನು ಮುಗಿಸಿಬಿಡುತ್ತವೆ. ಮರಿಯ ದೇಹ ಪಾಠ ಕಲಿಯುವ ಮೊದಲೇ ಲಸಿಕೆ ವ್ಯರ್ಥ.

ಪ್ರತಿಕಾಯಗಳು ಇಳಿಯುತ್ತ ಬಂದಾಗ ಒಂದು ಅಪಾಯದ ಘಟ್ಟ ಬರುತ್ತದೆ. ಅವು ಕಾಯಿಲೆಯನ್ನು ತಡೆಯುವಷ್ಟು ಉಳಿದಿರುವುದಿಲ್ಲ, ಆದರೆ ಲಸಿಕೆಯನ್ನು ಕೆಡಿಸುವಷ್ಟು ಇನ್ನೂ ಇರುತ್ತವೆ. ಈ ಘಟ್ಟ ಒಂದು ಮರಿಗೆ ಏಳನೇ ವಾರಕ್ಕೇ ಮುಗಿಯಬಹುದು, ಇನ್ನೊಂದಕ್ಕೆ ಹದಿನಾಲ್ಕನೇ ವಾರದವರೆಗೂ ಎಳೆಯಬಹುದು. ಯಾವ ಮರಿಗೆ ಯಾವಾಗ ಎಂದು ನೋಡಿ ಹೇಳಲಾಗದು. ಅದಕ್ಕೇ 6ರಿಂದ 8 ವಾರಕ್ಕೆ ಆರಂಭಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಸೂಜಿ ಹಾಕುತ್ತಾರೆ. ‘ಬೂಸ್ಟರ್’ ಎಂದು ಎಲ್ಲರೂ ಕರೆದರೂ ಪಾರ್ವೊ, ಡಿಸ್ಟೆಂಪರ್‌ ಎಂಬ ವೈರಸ್ ರೋಗಗಳ ಲಸಿಕೆಗಳ ಮಟ್ಟಿಗೆ ಇವು ಮತ್ತೆ ಮತ್ತೆ ಮಾಡುವ ಪ್ರಯತ್ನಗಳು. ಒಂದಾದರೂ ಸರಿಯಾದ ಹೊತ್ತಿಗೆ ನಾಟಲಿ ಎಂಬುದು ಲೆಕ್ಕ. ಇಲಿ ಜ್ವರದ (ಲೆಪ್ಟೊಸ್ಪೈರೋಸಿಸ್) ಲಸಿಕೆ ಮಾತ್ರ ಬೇರೆ. ಅದರಲ್ಲಿರುವುದು ಸತ್ತ ಬ್ಯಾಕ್ಟೀರಿಯಾ ಆದ್ದರಿಂದ ಎರಡು ಡೋಸ್ ಬಿದ್ದರಷ್ಟೇ ರಕ್ಷಣೆ. ಮತ್ತೆ ಮತ್ತೆ ಸೂಜಿ ಹಾಕುವ ಕ್ರಮ ಬೆಕ್ಕಿನ ಮರಿಗಳಿಗೂ ಇದೇ. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ ಕೊಟ್ಟು, ವರ್ಷ ತುಂಬಿದಾಗ ಮತ್ತೊಮ್ಮೆ ಹಾಕುತ್ತಾರೆ.

ಆ ಘಟ್ಟದಲ್ಲೇ ಹೊಂಚುಹಾಕುವುದು ಪಾರ್ವೊ. 1978ರಲ್ಲಿ ನಾಯಿಗಳಲ್ಲಿ ಹೊಸ ರೋಗವಾಗಿ ಗುರುತಿಸಿಕೊಂಡ ಈ ವೈರಸ್ ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ವೈರಸ್ಸಿನ ಹತ್ತಿರದ ನಂಟ. ಎರಡೇ ವರ್ಷಗಳಲ್ಲಿ ಜಗತ್ತಿನ ತುಂಬ ಹಬ್ಬಿತು. ವೇಗವಾಗಿ ವಿಭಜನೆಯಾಗುವ ಜೀವಕೋಶಗಳೇ ಅದರ ಗುರಿ. ಹಾಗಾಗಿ ಕರುಳಿನ ಒಳಪದರ ಕಳಚಿಬರುತ್ತದೆ, ಮೂಳೆಮಜ್ಜೆ ಬಿಳಿ ರಕ್ತಕಣ ತಯಾರಿಸುವುದನ್ನು ನಿಲ್ಲಿಸುತ್ತದೆ. ನಿನ್ನೆ ಚಪ್ಪಲಿ ಕಚ್ಚಿಕೊಂಡು ಓಡಾಡಿದ ಮರಿ ಇವತ್ತು ಮೂಲೆ ಹಿಡಿದು ಮಲಗಿರುತ್ತದೆ: ವಾಂತಿ, ದುರ್ವಾಸನೆಯ ರಕ್ತಭೇದಿ, ಬತ್ತಿಹೋದ ಒಸಡು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುವ ಈ ವೈರಸ್ ಫಿನಾಯಿಲ್‌ಗಾಗಲಿ ಕೈಗೆ ಹಚ್ಚುವ ಸ್ಯಾನಿಟೈಸರ್‌ಗಾಗಲಿ ಜಗ್ಗುವುದಿಲ್ಲ. ನೆಲವನ್ನು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸುರಿದು ಹತ್ತು ನಿಮಿಷ ಬಿಟ್ಟರೆ ಸಾಯುತ್ತದೆ. ಲಸಿಕೆ ಪೂರ್ತಿಯಾಗುವ ತನಕ ಮರಿಯನ್ನು ಬೀದಿಯ ನೆಲಕ್ಕೆ ಬಿಡಬೇಡಿ. ಎತ್ತಿಕೊಂಡು ಸುತ್ತಾಡಿಸುವುದನ್ನು ಮಾತ್ರ ತಪ್ಪಿಸಬೇಡಿ. ಜನ, ವಾಹನ, ಸದ್ದು ಅಭ್ಯಾಸವಾಗುವ ವಯಸ್ಸೂ ಅದೇ.

ಜಂತುಹುಳುವಿನ ಔಷಧಿಯನ್ನು ಮತ್ತೆ ಮತ್ತೆ ಕೊಡಲು ಕಾರಣ ಬೇರೆ. ಟಾಕ್ಸೊಕಾರಾ ಎಂಬ ದುಂಡುಹುಳದ ಮರಿಗಳು ಹೆಣ್ಣುನಾಯಿಯ ಸ್ನಾಯುಗಳಲ್ಲಿ ವರ್ಷಗಟ್ಟಲೆ ನಿದ್ರೆಯಲ್ಲಿರುತ್ತವೆ. ಅದು ಗರ್ಭ ಧರಿಸಿದಾಗ ಎಚ್ಚೆತ್ತು, ಕೊನೆಯ ವಾರಗಳಲ್ಲಿ ಹೊಕ್ಕುಳಬಳ್ಳಿಯ ದಾರಿಯಾಗಿ ಮರಿಗಳ ಯಕೃತ್ತು ಸೇರುತ್ತವೆ. ಹುಟ್ಟಿದ ಮೇಲೆ ಶ್ವಾಸಕೋಶಕ್ಕೆ ಬಂದು, ಕೆಮ್ಮಿನೊಂದಿಗೆ ಗಂಟಲಿಗೇರಿ, ನುಂಗಿದಾಗ ಕರುಳಿಗೆ ಇಳಿಯುತ್ತವೆ. ಅಂದರೆ ಮಣ್ಣು ಮೂಸುವ ಮೊದಲೇ ಮರಿಯ ಹೊಟ್ಟೆಯಲ್ಲಿ ಹುಳು ಇರುತ್ತದೆ. ಬೆಕ್ಕಿನಲ್ಲಿ ಗರ್ಭದ ದಾರಿಯಿಲ್ಲ, ಹಾಲಿನ ದಾರಿಯಿದೆ. ಔಷಧಿ ಮುಖ್ಯವಾಗಿ ಸಾಯಿಸುವುದು ಕರುಳಿನಲ್ಲಿರುವ ಹುಳುಗಳನ್ನು. ಪ್ರಯಾಣದಲ್ಲಿರುವವು ತಪ್ಪಿಸಿಕೊಂಡು ನಾಳೆ ಬಂದು ಸೇರುತ್ತವೆ. ಆದ್ದರಿಂದ ನಾಯಿಮರಿಗೆ ಎರಡನೇ ವಾರದಿಂದ, ಬೆಕ್ಕಿನಮರಿಗೆ ಮೂರನೇ ವಾರದಿಂದ ಹದಿನೈದು ದಿನಕ್ಕೊಮ್ಮೆ, ಎರಡು ತಿಂಗಳಾದ ಮೇಲೆ ತಿಂಗಳಿಗೊಮ್ಮೆ, ತೂಕ ನೋಡಿ ಔಷಧಿ. ಮಲದಲ್ಲಿ ಬಿದ್ದ ಮೊಟ್ಟೆ ಸೋಂಕು ತಗಲಿಸುವಷ್ಟು ಬಲಿಯಲು ಎರಡು ವಾರಗಳಾದರೂ ಬೇಕು. ಅಂಗಳದ ಹೇಲನ್ನು ಅವತ್ತೇ ಎತ್ತಿ ಹಾಕಿದರೆ ಮಣ್ಣಾಟವಾಡುವ ಮಕ್ಕಳಿಗೆ ಈ ಹುಳುವಿನ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಉಣುಗಿನದು ಮೂರನೇ ಲೆಕ್ಕ. ನಮ್ಮೂರ ನಾಯಿಗಳ ಕಂದು ಉಣುಗು ಪ್ರತಿ ಹಂತದಲ್ಲೂ ರಕ್ತ ಹೀರಿ ಕೆಳಗೆ ಬೀಳುತ್ತದೆ, ಗೋಡೆಯ ಸಂದಿಗೆ ಹತ್ತಿ ಪೊರೆ ಕಳಚುತ್ತದೆ, ಮತ್ತೆ ನಾಯಿಯನ್ನು ಹುಡುಕುತ್ತದೆ. ಹೊಟ್ಟೆ ತುಂಬಿದ ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ ನಾಲ್ಕು ಕಿತ್ತರೆ ಮುಗಿಯಲಿಲ್ಲ. ನಾಯಿ ಮಲಗುವ ಜಾಗಕ್ಕೂ ಚಿಕಿತ್ಸೆ ಆಗಬೇಕು. ಮಲೆನಾಡಿನ ಮಂಗನ ಕಾಯಿಲೆಯ ಉಣುಗು ಬೇರೆ ಜಾತಿಯದು. ಆದರೆ ಇದೇನೂ ಸಾಧುವಲ್ಲ, ನಾಯಿಗೆ ಎರ್ಲಿಕಿಯಾ, ಬಬೀಸಿಯಾ ಜ್ವರಗಳನ್ನು ಅಂಟಿಸುತ್ತದೆ. ಒಂದು ಎಚ್ಚರಿಕೆ: ಪರ್ಮೆತ್ರಿನ್ ಇರುವ ನಾಯಿಯ ಉಣುಗಿನ ಔಷಧಿಯನ್ನು ಬೆಕ್ಕಿಗೆ ಹಾಕಲೇಬೇಡಿ. ಕೆಲವು ರಾಸಾಯನಿಕಗಳನ್ನು ಒಡೆಯುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ನಮ್ಮ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು.

ವರ್ಷ ದಾಟಿದ ಮೇಲೆ ತಾರೀಖುಗಳು ವಿರಳವಾಗುತ್ತವೆ. ಪಾರ್ವೊ, ಡಿಸ್ಟೆಂಪರ್ ವಿರುದ್ಧ ಒಮ್ಮೆ ನಾಟಿದ ರಕ್ಷಣೆ ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಬಾಳುತ್ತದೆ ಎಂಬುದು ಪಶುವೈದ್ಯರ ಜಾಗತಿಕ ಸಂಘಟನೆಯಾದ ‘ವಸಾವಾ’ದ ನಿಲುವು. ಇಲಿ ಜ್ವರದ ಲಸಿಕೆಯ ಬಲ ಹೆಚ್ಚು ಕಾಲ ನಿಲ್ಲದು. ಅದನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಹಾಕಿಸಿದರೆ ಒಳ್ಳೆಯದು. ರೇಬೀಸ್ ಲಸಿಕೆಯನ್ನು ನಮ್ಮಲ್ಲಿ ಪ್ರತಿವರ್ಷ ಕೊಡುವುದು ರೂಢಿ. ರೋಗ ತಲೆದೋರಿದ ಮೇಲೆ ಪ್ರಾಣಿಗೂ ಮನುಷ್ಯನಿಗೂ ಉಳಿವಿಲ್ಲದಂಥ ಕಾಯಿಲೆ ಅದು; ಆ ತಾರೀಖಿನಲ್ಲಿ ಚೌಕಾಸಿ ಬೇಡ.

ಮರಿ ತರುವಾಗ ತಳಿ ಯಾವುದು, ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಹುಟ್ಟಿದ್ದು ಯಾವತ್ತು, ತಾಯಿಗೆ ಲಸಿಕೆ ಮತ್ತು ಜಂತುಹುಳುವಿನ ಔಷಧಿ ಆಗಿತ್ತೇ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಬೀದಿಯಲ್ಲಿ ಸಿಕ್ಕ ಮರಿಯಾದರೆ ವೈದ್ಯರು ತುಟಿ ಸರಿಸಿ ಹಲ್ಲು ನೋಡಿ ವಯಸ್ಸನ್ನು ಅಂದಾಜು ಮಾಡುತ್ತಾರೆ: ಹಾಲುಹಲ್ಲು ಮೂಡುವುದು ಮೂರರಿಂದ ಆರು ವಾರದೊಳಗೆ, ಮುಂದಿನ ಹಲ್ಲು ಬಿದ್ದು ಹೊಸದು ಬರುವುದು ನಾಲ್ಕು ತಿಂಗಳ ಆಸುಪಾಸಿಗೆ. ವಯಸ್ಸು ಸಿಕ್ಕಿತೆಂದರೆ ಪುಸ್ತಕದ ಉಳಿದ ತಾರೀಖುಗಳನ್ನು ತುಂಬುವುದು ಕಷ್ಟವಲ್ಲ. ಆ ದಿನಗಳಂದು ಮರಿಯನ್ನು ಕರೆದೊಯ್ಯುವುದಷ್ಟೇ ನಮ್ಮ ಪಾಲಿನ ಕೆಲಸ.