ಹೂವಿಗಿಂತ ಮೊದಲು ಬೇರು

ಒಂದೇ ಕಾಂಡದಲ್ಲಿ ಮೇಲೇರುವುದು ಮರ, ಬುಡದಲ್ಲೇ ಕವಲೊಡೆಯುವುದು ಪೊದೆ, ಆಸರೆ ಬೇಡುವುದು ಬಳ್ಳಿ. ನರ್ಸರಿಯ ಬಾಗಿಲವರೆಗೆ ಹೋಗಲು ಇಷ್ಟು ಸಾಕು. ಗಿಡ ಆರಿಸಬೇಕೆಂದರೆ ಮಣ್ಣಿನೊಳಗೆ ಏನು ನಡೆಯುತ್ತದೆಂದು ತಿಳಿದಿರಬೇಕು.

‘ಮರ ಮೇಲೆ ಎಷ್ಟೆತ್ತರವೋ ಬೇರು ಕೆಳಗೆ ಅಷ್ಟೇ ಆಳ’ ಎಂದು ಬಹಳ ಮಂದಿ ನಂಬಿದ್ದಾರೆ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಬೆಂಗಳೂರಿನಲ್ಲಿ ಬುಡಮೇಲಾದ ಗುಲ್‌ಮೊಹರ್ ಮರವನ್ನು ನೋಡಿ: ಬೇರಿನ ಗಡ್ಡೆ ಮೊರದ ಹಾಗೆ ಅಗಲವಾಗಿ, ತೆಳ್ಳಗೆ ಎದ್ದು ನಿಂತಿರುತ್ತದೆ. ಬಹುತೇಕ ಮರಗಳ ಹೆಚ್ಚಿನ ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇರುತ್ತವೆ. ಅಡ್ಡಡ್ಡಲಾಗಿ ಮಾತ್ರ ನೆರಳಿನ ಅಂಚು ದಾಟಿ ಹೋಗುತ್ತವೆ. ಬೇರೂ ಉಸಿರಾಡಬೇಕಲ್ಲ! ಆಳದ ಗಟ್ಟಿಮಣ್ಣಿನಲ್ಲಿ ಗಾಳಿ ಕಡಿಮೆ.

ಅಂಗಳಕ್ಕೆ ಕಾಂಕ್ರೀಟು ಹಾಕಿದರೆ ಅದರಡಿಯಲ್ಲಿ ತೇವ ಬೇಗ ಆರುವುದಿಲ್ಲ, ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಸಣ್ಣ ಸಂದೂ ಉಳಿಯುತ್ತದೆ. ನೀರೂ ಗಾಳಿಯೂ ಒಟ್ಟಿಗೆ ಸಿಗುವ ಆ ಜಾಗಕ್ಕೆ ಎಳೆಬೇರು ನುಸುಳುತ್ತದೆ. ವರ್ಷ ವರ್ಷ ದಪ್ಪಗಾಗಿ ಕಾಂಕ್ರೀಟನ್ನೇ ಎಬ್ಬಿಸುತ್ತದೆ. ಸಂಪು, ಪೈಪುಗಳ ವಿಚಾರದಲ್ಲೂ ಅಷ್ಟೇ. ಸಾಮಾನ್ಯವಾಗಿ ಮೊದಲು ಸೋರುವುದು ಜೋಡಣೆ. ಒದ್ದೆಯಾದ ಮಣ್ಣಿನಲ್ಲಿ ಹಬ್ಬುವ ಬೇರು ಆಮೇಲೆ ಆ ಬಿರುಕಿಗೆ ಇಳಿಯುತ್ತದೆ.

1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಸಾಲುಮರ ನೆಡಿಸಿದರು. ಎಂಥ ಸೊಗಸಾದ ಯೋಚನೆ! ಆದರೆ ಅದು ಅಗಲವಾದ ಬೀದಿಗಳಿಗೆ ಮಾಡಿದ್ದು. 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ನಾಲ್ಕೈದು ಅಡಿಗೆ ಗುಲ್‌ಮೊಹರ್ ತರಬೇಡಿ. ಆಲ, ಅತ್ತಿಯ ಬಳಗವಂತೂ ಬೇಡವೇ ಬೇಡ. ಅಲ್ಲಿಗೆ ಪಾರಿಜಾತ, ನಂದಿಬಟ್ಟಲು, ದಾಸವಾಳ ಹೊಂದುತ್ತವೆ. ಹತ್ತು ಹನ್ನೆರಡು ಅಡಿ ತೆರಪಿದ್ದರೆ ದೇವಕಣಗಿಲೆ, ಇಲ್ಲವೇ ನನ್ನ ಅಚ್ಚುಮೆಚ್ಚಿನ ಸೀತಾ ಅಶೋಕ. ಅಶೋಕವೆಂದು ಮಾರುವ ಕಂಬದಂಥ ಗಿಡ ಬೇರೆಯೇ ಜಾತಿ. ನಿಜವಾದ ಅಶೋಕ ಹಳೆಯ ಕೊಂಬೆಗಳ ಮೇಲೇ ಕಿತ್ತಳೆ-ಕೆಂಪು ಗೊಂಚಲು ಬಿಡುತ್ತದೆ, ನಿಧಾನಕ್ಕೆ ಬೆಳೆಯುತ್ತದೆ, ಅರೆನೆರಳನ್ನೂ ಸಹಿಸುತ್ತದೆ.

ಕೊಳ್ಳುವಾಗ ಹೂವಿರುವ ಗಿಡಕ್ಕೆ ಮನಸೋಲದೆ ಪ್ಲಾಸ್ಟಿಕ್ ಚೀಲದ ತಳ ನೋಡಿ. ಬಹುಕಾಲ ಚೀಲದಲ್ಲೇ ಉಳಿದ ಸಸಿಯ ಬೇರು ಸಿಂಬೆಯಂತೆ ಸುತ್ತಿಕೊಂಡಿರುತ್ತದೆ. ನೆಟ್ಟ ಮೇಲೂ ಆ ಸುತ್ತು ತಾನಾಗಿ ಬಿಚ್ಚುವುದಿಲ್ಲ. ಮರ ದೊಡ್ಡದಾದಾಗ ಬುಡವನ್ನೇ ಬಿಗಿಯುತ್ತದೆ. ಅಂಥದ್ದನ್ನು ಬಿಟ್ಟುಬಿಡಿ. ತಂದಾಗಿದ್ದರೆ ಸುತ್ತಿದ ಬೇರನ್ನು ಕತ್ತರಿಸಿ, ಹೊರಮುಖವಾಗಿ ಹರಡಿ ನೆಡಿ.

ನನ್ನದೊಂದು ಕೋರಿಕೆಯಿದೆ. ಮುಂದಿನ ಬಿರುಗಾಳಿಗೆ ನಿಮ್ಮ ಬೀದಿಯಲ್ಲಿ ಮರ ಬಿದ್ದರೆ, ವಿದ್ಯುತ್ ತಂತಿ ಬಿದ್ದಿಲ್ಲವೆಂದು ಖಚಿತಪಡಿಸಿಕೊಂಡು, ಟೇಪು ಹಿಡಿದು ಬುಡದ ಬಳಿ ಹೋಗಿ. ಬೇರಿನ ಆಳ ಎಷ್ಟು, ಅಗಲ ಎಷ್ಟು, ಯಾವ ಮರ ಎಂದು ಬರೆದಿಟ್ಟುಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.